ಬಾಯಿ ಮಾತ್ರ ಕಾಜಲಳದು

ಸಿನಿಮಾ ಮುಗಿದಾಗ ಮಹಾರಾಷ್ಟ್ರದ ಗಡಿಯೂರು ಜತ್ತದ ಮದುವೆ ಮಂಟಪದಲ್ಲಿ ಕಣ್ಣೊರೆಸಿಕೊಳ್ಳದೆ ಕೂತವಳು ಯಮನವ್ವ ಒಬ್ಬಳೇ. ಅವಳ ಮೈಯೆಲ್ಲ ಉರಿಯುತ್ತಿತ್ತು. ತೆರೆಯ ಮೇಲೆ ಕುರಿ ಕಾಯುತ್ತ ಹಾಡಿ ಎಲ್ಲರ ಮನಸ್ಸು ಗೆದ್ದ ಹುಡುಗಿ ಅವಳ ಮೊಮ್ಮಗಳು, ಹತ್ತು ವರ್ಷದ ಕಾಜಲ್. ಮುಖ ಅವಳದು, ಉಟ್ಟ ಲಂಗ ಅವಳದು, ಕುರಿಗಳೂ ಮನೆಯವೇ. ದನಿ ಮಾತ್ರ ಪುಣೆಯ ಯಾವುದೋ ಹುಡುಗಿಯದು. ಬೆಣ್ಣೆ ಸವರಿದ ಹಾಗೆ ನುಣುಪು. ಕುರಿ ಕಾಯುವವರ ದೇವರಾದ ಬೀರದೇವರನ್ನು ಕರೆಯುವ ಹಾಡು ಅದು. ಆ ದನಿಗೆ ದೇವರಿರಲಿ, ಬೇಲಿಯಾಚೆಯ ಕುರಿಯೂ ತಲೆ ಎತ್ತುತ್ತಿರಲಿಲ್ಲ.

ಮುದುಕಿಗೆ ಈಗ ಎಲ್ಲ ತಿಳಿಯಿತು. ಶೂಟಿಂಗ್ ಮುಗಿದು ಆರು ತಿಂಗಳಾದರೂ ಹುಡುಗಿ ತಮ್ಮೂರು ಮುಚ್ಚಂಡಿಯ ಹೊಲದಲ್ಲಿ ಒಂದು ಸಾಲೂ ಹಾಡಿರಲಿಲ್ಲ. ಕುರಿಗಳ ಹಿಂದೆ ನಡೆಯುವಾಗ ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ದೃಷ್ಟಿಯಾಗಿದೆ ಎಂದುಕೊಂಡು ಯಮನವ್ವ ಮೂರು ಸಲ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಓಣಿಯ ಹೆಂಗಸರ ಕೆಟ್ಟ ಕಣ್ಣೇ ಕಾರಣವೆಂದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈದಿದ್ದಳು. ಪಾಪ, ಅವರೇನು ಮಾಡಿದ್ದರು! ಕೂಸಿನ ದನಿ ನುಂಗಿದವನು, ಈ ಸಿನಿಮಾದ ನಿರ್ದೇಶಕ, ಇಲ್ಲೇ ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ.

ಊರ ಶಾಲೆಯ ಮಲ್ಲಿನಾಥ ಗುರುಜಿ ಮೈಕ್ ಹಿಡಿದರು. "ಈಗ ನಮ್ಮ ಕಾಜಲ್ ಹಾಡತಾಳ. ಎಲ್ಲಾರೂ ಚಪ್ಪಾಳಿ ಹೊಡೀರಿ!"

ಸ್ಪೀಕರಿನಲ್ಲಿ ಸಿನಿಮಾದ ಹಾಡೇ ಶುರುವಾಯಿತು. ವೇದಿಕೆಯ ಮೇಲೆ ಕಾಜಲ್ ಬಾಯಿ ತೆರೆದಳು. ಒಂದಕ್ಷರವೂ ಹಿಂದೆಮುಂದೆ ಆಗದಂತೆ ತುಟಿ ಆಡಿಸಿದಳು. ಜನ ತಲೆದೂಗಿದರು. ಯಮನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ದಡದಡ ಮೆಟ್ಟಿಲು ಹತ್ತಿದವಳೇ ಸ್ಪೀಕರಿನ ವಾಯರ್ ಕಿತ್ತಳು.

"ಕರೆಂಟ್ ಹೋತು," ಎಂದರು ಯಾರೋ.

"ಕರೆಂಟ್ ಹೋಗಿಲ್ಲ, ಇವರ ಮರ್ಯಾದಿ ಹೋಗೇದ!" ಎಂದು ಗದರಿ, ಮೊಮ್ಮಗಳ ಕಡೆ ತಿರುಗಿದಳು. "ಈಗ ಹಾಡವ್ವಾ."

"ನನ್ನ ದನಿ ಕೀರಲ ಅದಂತ, ಆಯಿ. ಬಾಯಿ ಅಷ್ಟ ಆಡಸು ಅಂದಾರ."

"ಯಾರಂದಾರ?"

ಕಾಜಲ್ ನಿರ್ದೇಶಕನ ಕಡೆ ನೋಡಿದಳು. ಅವನು ನಗುನಗುತ್ತಲೇ ಮೇಲೆ ಬಂದ. ಸಿನಿಮಾ ಅಂದರೆ ಹೀಗೇ ಆಜಿ, ಸಿಟ್ಟಾಗಬೇಡಿ, ಇಷ್ಟು ಜನರ ಕಣ್ಣಲ್ಲಿ ನೀರು ಬಂತಲ್ಲ, ಅದು ಸಾಲದೇ ಎಂದು ಮರಾಠಿಯಲ್ಲಿ ಸಮಾಧಾನ ಹೇಳುತ್ತ ತಾನೇ ಬಗ್ಗಿ ವಾಯರ್ ಜೋಡಿಸಿದ.

"ಮಂದಿ ಕಣ್ಣಾಗ ನೀರ ತರಸಾಕ ನನ್ನ ಕೂಸಿನ ಬಾಯಿ ಬತ್ತಿಸಿದ್ರೇನ್ರಿ?" ಎಂದು ಯಮನವ್ವ ಕೂಗಿದಳು. ಅಷ್ಟರಲ್ಲಿ ಹಾಡು ಮತ್ತೆ ಶುರುವಾಗಿತ್ತು.

ಈ ಸಲ ಕಾಜಲ್ ತುಟಿ ಆಡಿಸಲಿಲ್ಲ. ಮುಷ್ಟಿ ಬಿಗಿಹಿಡಿದು ನಿಂತಳು. ಮುಖ ಕೆಂಪಗಾಗಿತ್ತು. ಆ ನುಣುಪು ದನಿ ಎರಡನೆಯ ಸಾಲಿಗೆ ಬರುತ್ತಲೇ ಹುಡುಗಿ ಬಾಯಿಬಿಟ್ಟಳು. ಹಾಡಿದಳು ಅನ್ನುವುದಕ್ಕಿಂತ ಸ್ಪೀಕರಿನ ಜೊತೆ ಜಗಳಕ್ಕೇ ಬಿದ್ದಳು. ಮೊದಲು ದನಿ ಒಡೆಯಿತು. ಬಿಡಲಿಲ್ಲ. ಮೂರನೆಯ ಸಾಲಿಗೆ ಪುಣೆಯ ದನಿಯನ್ನು ಕೆಳಗೆ ಹಾಕಿ ಮೇಲೆ ಹತ್ತಿದಳು. ಮಲ್ಲಿನಾಥ ಗುರುಜಿ ಸ್ಪೀಕರ್ ಬಂದ್ ಮಾಡಿದರು. ಆಮೇಲೆ ಮಂಟಪದ ತುಂಬ ಆ ಕೀರಲು ದನಿಯೊಂದೇ ಉಳಿಯಿತು. ಈ ಸಲ ಯಾರೂ ತಲೆದೂಗಲಿಲ್ಲ, ಕೂತಲ್ಲೇ ಸೆಟೆದು ಕೂತರು.

ನಿರ್ದೇಶಕ ಕಣ್ಣರಳಿಸಿ ನೋಡುತ್ತಿದ್ದವನು ಗಡಿಬಿಡಿಯಿಂದ ಕಿಸೆಗೆ ಕೈ ಹಾಕಿ ಮೊಬೈಲ್ ತೆಗೆದು ಹುಡುಗಿಯ ಮುಖದ ಕಡೆ ಹಿಡಿದ. ಯಮನವ್ವ ಅವನ ಮಣಿಕಟ್ಟು ಹಿಡಿದು ಕೆಳಗಿಳಿಸಿದಳು.

"ಒಯ್ದದ್ದು ಸಾಕು," ಎಂದಳು. "ಕಿವಿ ಅದಾವಲ್ಲ, ಅವುಗಳಿಂದ ಕೇಳ್ರಿ."