ಹತ್ತೊಂಬತ್ತು ಹೆಸರು, ಒಂದು ಬಸ್ಸು

೧

ಈ ಕಥೆಯನ್ನು ಯಾರ ಹೆಸರಿನಿಂದ ಶುರು ಮಾಡಬೇಕು? ನಮ್ಮ ಬೀದರ ಕಡೆ ಇದು ಸಣ್ಣ ಪ್ರಶ್ನೆಯಲ್ಲ. ಇಲ್ಲಿ ಮೈಕಿನ ಮುಂದೆ ನಿಂತವರು ಮೊದಲು ವೇದಿಕೆಯ ಮೇಲಿರುವ ಅಷ್ಟೂ ಜನರ ಹೆಸರನ್ನು ಹುದ್ದೆ, ಬಿರುದು ಸಮೇತ, ಹಿರಿತನ ಹಿಂದುಮುಂದಾಗದಂತೆ ಒಪ್ಪಿಸಬೇಕು. ಒಂದು ಹೆಸರು ಬಿಟ್ಟಿರೋ, ಆ ಮನೆಯವರು ನಿಮ್ಮ ಮೊಮ್ಮಕ್ಕಳ ಮದುವೆಗೂ ಬರುವುದಿಲ್ಲ. ಹೆಸರು ಮುಗಿಯುವ ಹೊತ್ತಿಗೆ ವೇಳೆಯೂ ಮುಗಿದಿರುತ್ತದೆ. ಹೀಗಾಗಿ ಹೇಳಲು ಏನೂ ಇಲ್ಲದವರೇ ನಮ್ಮಲ್ಲಿ ಒಳ್ಳೆಯ ಭಾಷಣಕಾರರು.

(ನನ್ನ ವೇದಿಕೆ ಖಾಲಿ. ಓದುವವರು ಒಬ್ಬರೋ ಇಬ್ಬರೋ. ನಿಮ್ಮ ಹೆಸರು ಗೊತ್ತಿಲ್ಲ, ಸಿಟ್ಟಾಗಬೇಡಿ.)

ಮೊದಲ ಕರಡು: "ಕೋಟೆಯ ಹಿಂದೆ ಸೂರ್ಯ ಮುಳುಗುತ್ತಿದ್ದ." ಹೊಡೆದುಹಾಕಿದೆ. ಈ ಕಥೆಯಲ್ಲಿ ಸೂರ್ಯನಿಗೆ ಕೆಲಸವಿಲ್ಲ.

ಎರಡನೆಯ ಕರಡು: "ಪ್ರಣಿತಾ ಮೂರು ಸಲ ಬಸ್ ಡಿಪೊಕ್ಕೆ ಹೋದಳು. ಮೂರು ಸಲವೂ ಅಲ್ಲಿನ ನೀರು ಕುಡಿದು ವಾಪಸ್ ಬಂದಳು."

ಇದು ಇರಲಿ.

೨

ಪ್ರಣಿತಾ ಔರಾದ ತಾಲೂಕಿನ ಚಿಂತಾಕಿಯ ಹುಡುಗಿ. ಬಿ.ಎ. ಆಗಿದೆ. ಅವಳ ತಂಗಿ ಔರಾದದ ಕಾಲೇಜಿನಲ್ಲಿ ಪಿಯು ಓದುತ್ತಾಳೆ. ಊರಿನಿಂದ ಅಲ್ಲಿಗೆ ಮುಂಜಾನೆ ಏಳೂಕಾಲಿಗೆ ಒಂದು ಬಸ್ಸಿತ್ತು. ಒಂದು ದಿನ ಯಾರೋ ಎಲ್ಲೋ ಕೂತು ಅದನ್ನು ಒಂಬತ್ತೂವರೆಗೆ ಬದಲಾಯಿಸಿದರು. ಕಾಲೇಜು ಶುರುವಾಗುವುದು ಎಂಟೂವರೆಗೆ. ದಿನಾ ಎರಡು ಪೀರಿಯಡ್ ಹೋಗತೊಡಗಿದವು. ಹಾಜರಿ ಕಡಿಮೆಯಾಗಿ, ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನಿಂದ ಚೀಟಿ ಬಂತು.

ಚೀಟಿ ನೋಡಿದ ತಾಯಿ ಶಾಲುಬಾಯಿ ಹೆಚ್ಚು ಮಾತಾಡಲಿಲ್ಲ. "ದೀಪಾವಳಿ ತನಕ ನೋಡ್ತೇನಿ. ಬಸ್ ಬರಲಿಲ್ಲಂದ್ರ ಸಣ್ಣಾಕಿ ಮನ್ಯಾಗ ಇರ್ತಾಳ."

"ನಾ ಡಿಪೊಕ್ಕ ಹೋಗಿ ಹೇಳಿ ಬರ್ತೇನಿ ಯವ್ವಾ" ಎಂದಳು ಪ್ರಣಿತಾ. ಹೋದಳು. ಸಾಹೇಬರು ತಲೆ ಎತ್ತಿ "ಏನವಾ?" ಎಂದರು. "ನೀರು" ಎಂದಳು.

ಮೂರು ಸಲ.

೩

ಬೀದರದ ಮೈಲೂರಿನಲ್ಲಿ ಸುಶೀಲಕುಮಾರ ಸರ್ ನಡೆಸುವ ಭಾಷಣ ಕಲೆಯ ತರಗತಿಗೆ ಅವಳು ಸೇರಿದ್ದು ಈ ಕಾರಣಕ್ಕೆ. ಮೂವತ್ತು ದಿನದ ಕೋರ್ಸು. ಮೈಲೂರಿನ ಮೌಶಿಯ, ಅಂದರೆ ಚಿಕ್ಕಮ್ಮನ, ಮನೆಯಲ್ಲಿ ಉಳಿದುಕೊಂಡಳು. ಕೇಳುಗರ ಕಣ್ಣಲ್ಲಿ ಕಣ್ಣಿಡುವುದು, ಕೈ ಎಷ್ಟು ಎತ್ತರಕ್ಕೆ ಎತ್ತುವುದು, ಎಲ್ಲಿ ನಗುವುದು, ಎಲ್ಲಿ ನಿಲ್ಲಿಸಿ ಚಪ್ಪಾಳೆಗೆ ಜಾಗ ಬಿಡುವುದು, ಎಲ್ಲವನ್ನೂ ಸರ್ ಕಲಿಸಿದರು. ಕೇಳುವುದು ಹೇಗೆ ಎಂಬ ಪಾಠ ಇಪ್ಪತ್ತೆಂಟನೆಯ ದಿನಕ್ಕಿತ್ತು. ಅವತ್ತು ಸರ್ ಬಹಳ ಮಾತಾಡಿದ್ದರಿಂದ ಅದಕ್ಕೆ ವೇಳೆ ಸಾಲಲಿಲ್ಲ.

ಕೊನೆಯ ದಿನದ ಸಮಾರಂಭ ಭಾಲ್ಕಿಯಲ್ಲಿ, ಸರ್ ಅವರ ಹೊಸ ಶಾಖೆಯ ಉದ್ಘಾಟನೆಯ ಜೊತೆಗೆ. ಆಮಂತ್ರಣ ಪತ್ರಿಕೆಯಲ್ಲಿ ಹತ್ತೊಂಬತ್ತು ಗಣ್ಯರು. ಅವರ ಕೆಳಗೆ, ವಿಶೇಷ ಆಹ್ವಾನಿತರು ಎಂಬಲ್ಲಿ, ಒಂದೇ ಹೆಸರು: ಹಣಮಂತಪ್ಪ, ಡಿಪೊ ಸಾಹೇಬರು. ಅವಳಿಗೆ ಮೂರು ಸಲ ನೀರು ಕೊಟ್ಟವರು.

ಪಕ್ಕದ ಬೆಂಚಿನ ಫರ್ಹೀನ, ಮಾತಿನಲ್ಲಿ ಇಡೀ ಬ್ಯಾಚನ್ನು ಮಾರಿ ಬರುವವಳು, ಪತ್ರಿಕೆ ಕಿತ್ತುಕೊಂಡು ಓದಿದಳು. "ಅರೆ, ಶಿಕಾರ್ ತಾನೇ ಬಂದು ಬಲ್ಯಾಗ ಕುಂದರ್ಲಿಕತ್ತದ! ನಮಗ ಪ್ರತಿಯೊಬ್ಬರಿಗೂ ಮೂರು ಮಿನಿಟ್ ಭಾಷಣ ಅದ. ಹೇಳಿಬಿಡು."

"ಹತ್ತೊಂಬತ್ತು ಹೆಸರಿಗೇ ಎರಡೂಮುಕ್ಕಾಲು ಮಿನಿಟ್ ಆಗ್ತದ. ಗಡಿಯಾರ ಇಟ್ಟು ನೋಡೀನಿ."

"ಹೆಸರು ಬಿಡು."

"ಸರ್ ಸರ್ಟಿಫಿಕೇಟ್ ಕೊಡಂಗಿಲ್ಲ."

"ಸರ್ಟಿಫಿಕೇಟ್ ಮ್ಯಾಲ ಕುಂತು ನಿನ್ನ ತಂಗಿ ಕಾಲೇಜಿಗಿ ಹೋಗ್ತಾಳೇನು?"

೪

(ಇಲ್ಲಿ ಪ್ರಣಿತಾಗೆ ಒಂದು ಗಟ್ಟಿ ಭಾಷಣ ಬರೆದುಕೊಟ್ಟೆ. "ಮಹಿಳೆಯ ಮೌನ ಜ್ವಾಲಾಮುಖಿ" ಎಂದು ಶುರು. ನಡುವೆ ಸಂವಿಧಾನ, ಕೊನೆಗೆ ಕಣ್ಣೀರು. ಎರಡು ಪುಟ. ಅವಳು ಓದಿ ಮುಖ ಸಿಂಡರಿಸಿದಳು.

"ಅಕ್ಕಾ, ಇದೇನ್ರಿ ಇದು? ನನ್ನ ಬಾಯಾಗ ಇದು ಹಿಡಸಂಗಿಲ್ಲ."

"ಮತ್ತೆ ಏನು ಹೇಳ್ತಿ?"

"ಗೊತ್ತಿದ್ರ ಡಿಪೊದಾಗೇ ಹೇಳ್ತಿದ್ದಿಲ್ಲೇನ್ರಿ? ನೀವಾದ್ರೂ ಎಂದಾದ್ರೂ ಸ್ಟೇಜ್ ಹತ್ತೀರೇನು?"

ಎರಡು ಪುಟ ಹರಿದೆ.)

೫

ಭಾಲ್ಕಿಯ ಸಭಾಂಗಣ. ಹಣಮಂತಪ್ಪನವರು ಬರುವಷ್ಟರಲ್ಲಿ ವೇದಿಕೆಯ ಕುರ್ಚಿಗಳು ತುಂಬಿದ್ದವು. ಅವರನ್ನು ಕೆಳಗೆ ಮೊದಲ ಸಾಲಿನಲ್ಲಿ, ಸ್ಪೀಕರ್ ಡಬ್ಬದ ಪಕ್ಕ ಕೂರಿಸಿದರು. ಕೆಳಗೆ ಕೂತವರ ಹೆಸರು ಹೇಳುವುದು ರೂಢಿಯಲ್ಲ. ಒಬ್ಬೊಬ್ಬರಾಗಿ ಹನ್ನೆರಡು ವಿದ್ಯಾರ್ಥಿಗಳು ಬಂದು ಹನ್ನೆರಡು ಸಲ ಅದೇ ಹತ್ತೊಂಬತ್ತು ಹೆಸರು ಹೇಳಿದರು. ಸಾಹೇಬರು ಹನ್ನೆರಡು ಸಲ ಬಿಟ್ಟುಹೋದರು. ಅಡಿಕೆ ಹೋಳನ್ನು ಅವರು ಕಡಿಯುತ್ತಿದ್ದ ರೀತಿಗೆ ಆ ದಿನ ಯಾವ ಊರಿಗೂ ಬಸ್ಸು ಸಿಗುವಂತಿರಲಿಲ್ಲ.

ಹದಿಮೂರನೆಯವಳು ಪ್ರಣಿತಾ.

ಮೈಕು ಕಿರ್ರೆಂದಿತು. ಹತ್ತೊಂಬತ್ತೂ ಹೆಸರು ಗುಬ್ಬಿಗಳಂತೆ ಹಾರಿಹೋದವು. ಕೆಳಗಿನಿಂದ ಸುಶೀಲಕುಮಾರ ಸರ್ ತುಟಿ ಅಲ್ಲಾಡಿಸಿ ಮೊದಲ ಹೆಸರು ಎತ್ತಿಕೊಟ್ಟರು. ಅವಳಿಗೆ ತುಟಿ ಕಂಡಿತು, ಹೆಸರು ಕಾಣಲಿಲ್ಲ. ಅರ್ಧ ನಿಮಿಷ ಹಾಗೆಯೇ ನಿಂತಳು. ಇದು ಸರ್ ಕಲಿಸಿದ ನಿಲುಗಡೆ ಇರಬೇಕೆಂದು ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಅವಳು ಹೇಳಿದ್ದು ಇಷ್ಟು.

"ಚಿಂತಾಕಿಯಿಂದ ಔರಾದಕ್ಕ ಮುಂಜಾನಿ ಏಳೂಕಾಲಿಗಿ ಬಸ್ ಇತ್ರಿ. ಈಗ ಒಂಬತ್ತೂವರಿಗಿ ಬರ್ತದ. ಕಾಲೇಜ್ ಎಂಟೂವರಿಗಿ ಅದ. ಹನ್ನೊಂದು ಹುಡುಗ್ಯಾರು ಇದ್ದಾರ. ಅದರಾಗ ಒಬ್ಬಾಕಿ ನನ್ನ ತಂಗಿ. ದೀಪಾವಳಿ ಆದ್ಮ್ಯಾಲ ಆಕಿ ಸಾಲಿ ಬಿಡ್ತಾಳ್ರಿ."

ಇಳಿದು ಬಂದಳು.

ಆಮೇಲೆ ವೇದಿಕೆಯ ಏಳನೆಯ ಕುರ್ಚಿ ಎದ್ದು ನಿಂತಿತು. "ಇದೇನ್ರಿ ಸುಶೀಲಕುಮಾರ? ಕರೆದು ಮರ್ಯಾದಿ ಕಳೀತೀರೇನು? ಒಬ್ಬರದೂ ಹೆಸರು ತಗೊಳ್ಳಿಲ್ಲ ಆ ಹುಡುಗಿ!"

ಸರ್ ಓಡಿಹೋಗಿ ಮೈಕು ಹಿಡಿದರು. ಹತ್ತೊಂಬತ್ತು ಜನರಿಗೂ ಬೇರೆಬೇರೆಯಾಗಿ ಕ್ಷಮೆ ಕೇಳಿದರು. ಹನ್ನೊಂದು ನಿಮಿಷ ಹಿಡಿಯಿತು. ಭಾಷಣಗಳಿಗೆ ಅಂಕ ಹಾಕುತ್ತಿದ್ದ ತೀರ್ಪುಗಾರರು ಅವಳ ಹಾಳೆಯಲ್ಲಿ ಹೀಗೆ ಬರೆದರು: ನಗು ಇಲ್ಲ. ಕೈ ಆಡಲಿಲ್ಲ. ಸುಭಾಷಿತ ಇಲ್ಲ. ವಿಷಯ ಬಹಳ ಬೇಗ ಬಂತು.

೬

ಊಟದ ಸಾಲಿನಲ್ಲಿ ಹಣಮಂತಪ್ಪನವರು ತಾಟು ಹಿಡಿದುಕೊಂಡು ಅವಳ ಹತ್ತಿರ ಬಂದರು.

"ಇಷ್ಟು ಮಂದಿಯಾಗ ನನಗ ಅಪಮಾನ ಮಾಡ್ಲಾರ್ದಾಕಿ ನೀ ಒಬ್ಬಾಕೇ ನೋಡವಾ."

"ನಾ ನಿಮ್ಮ ಹೆಸರು ತಗೊಂಡಿಲ್ಲಲ್ರಿ ಸರ್."

"ಯಾರ್ದೂ ತಗೊಂಡಿಲ್ಲ. ಎಲ್ಲಾರ್ನೂ ಬರೋಬ್ಬರಿ ಮಾಡಿದಿ. ಆ ಏಳನೇ ಕುರ್ಚಿ ನಂದು ಇತ್ತು, ಅಂವ ಮೊದಲೇ ಬಂದು ಕುಂತ." ಹಪ್ಪಳ ಮುರಿದರು. "ನೀ ನಮ್ಮ ಆಫೀಸಿಗಿ ಬಂದಿದ್ದಿ ಅಲ್ಲಾ? ಏನೋ ಕೇಳ್ದಿ... ನೀರು?"

"ಹೌದ್ರಿ."

"ಅವತ್ತೇ ಇದು ಹೇಳಾದಲ್ಲೇನು?" ಆಮಂತ್ರಣ ಪತ್ರಿಕೆಯ ಹಿಂದೆ ಒಂದು ನಂಬರು ಗೀಚಿದರು. "ಸೋಮವಾರದಿಂದ ನೋಡ್ತೇನಿ. ಮ್ಯಾಲಿನವರು ಒಪ್ಪಬೇಕು, ಗ್ಯಾರಂಟಿ ಇಲ್ಲ. ಬರಲಿಲ್ಲಂದ್ರ ಫೋನ್ ಹಚ್ಚು. ಸುಮ್ಮ ಕುಂತ್ರ ನನಗ ನೆನಪು ಇರಂಗಿಲ್ಲ."

(ಓದುಗರೇ, ಮೂವತ್ತು ದಿನ ಕಲಿತ ಸಂವಹನ ಕಲೆ ಹೀಗೆ ಫಲ ಕೊಟ್ಟಿತು: ಹೇಳಿದ್ದಕ್ಕಲ್ಲ, ಬಿಟ್ಟಿದ್ದಕ್ಕೆ. ಇದರಿಂದ ನೀತಿ ಹಿಂಡಬೇಡಿ. ನಾನು ಹಿಂಡಿ ನೋಡಿದ್ದೇನೆ, ಏನೂ ಬರಲಿಲ್ಲ.)

೭

ಸೋಮವಾರ, ಚಿಂತಾಕಿ, ಏಳು ಗಂಟೆ ಹತ್ತು ನಿಮಿಷ. ಹನ್ನೊಂದು ಹುಡುಗಿಯರು ರಸ್ತೆಗೆ ಬಂದು ನಿಂತಿದ್ದಾರೆ. ಪ್ರಣಿತಾ ಹಿಂದಿನ ದಿನವೇ ಊರಿಗೆ ಬಂದಿದ್ದಾಳೆ. ಶಾಲುಬಾಯಿಯೂ ಬಂದಿದ್ದಾಳೆ, ಎಮ್ಮೆಗೆ ಹುಲ್ಲು ತರುವ ನೆಪದಲ್ಲಿ.

ಮುಕ್ತಾಯ ಅ: ಧೂಳೆಬ್ಬಿಸುತ್ತ ಬಸ್ಸು ಬರುತ್ತದೆ. ಶಾಲುಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

"ನಮ್ಮವ್ವ ಹಂಗ ಅಳಾಕಿ ಅಲ್ರಿ" ಎಂದಳು ಪ್ರಣಿತಾ.

ಮುಕ್ತಾಯ ಆ: ಬಸ್ಸು ಬರುವುದಿಲ್ಲ. ಹುಡುಗಿಯರು ಮೌನವಾಗಿ ಮನೆಗೆ ನಡೆಯುತ್ತಾರೆ. ವಿಮರ್ಶಕರಿಗೆ ಇದು ಹಿಡಿಸುತ್ತದೆ.

"ನಿಮ್ಮ ವಿಮರ್ಶಕರಿಗಿ ಪರೀಕ್ಷಾ ಇಲ್ಲಲ್ರಿ."

ಮುಕ್ತಾಯ ಇ: ಬಸ್ಸು ಬಂತು, ನಿಲ್ಲಲಿಲ್ಲ. (ಇದು ನನಗೇ ಸಹಿಸಲಾಗಲಿಲ್ಲ.)

ಏಳೂಕಾಲಾಯಿತು. ಏಳು ಇಪ್ಪತ್ತು. ರಸ್ತೆ ಖಾಲಿ. ಶಾಲುಬಾಯಿ ಸಣ್ಣ ಮಗಳ ಕಡೆ ನೋಡಿದಳು, ಆಮೇಲೆ ಮನೆಯ ಕಡೆ. ಸಣ್ಣವಳು ಬ್ಯಾಗನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದಳು.

ನನಗೆ ಏನು ಕಷ್ಟ? "ಬಂತು" ಎಂದು ಎರಡಕ್ಷರ ಬರೆದರೆ ಬಂದುಬಿಡುತ್ತದೆ. ಆದರೆ ಆ ಎರಡಕ್ಷರದಲ್ಲಿ ಹನ್ನೊಂದು ಜನ ಕೂತು ಔರಾದ ಮುಟ್ಟಲಾರರು.

"ಜರಾ ಸರಿರಿ ಅಕ್ಕಾ" ಎಂದು ಪ್ರಣಿತಾ ನನ್ನನ್ನು ದಾಟಿ ಮುಂದೆ ಬಂದು ಫೋನು ಹಚ್ಚಿದಳು. ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು. ಹನ್ನೊಂದು ಹುಡುಗಿಯರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಹಲೋ, ಯಾರು ಮಾತಾಡಾದು?"

ಪ್ರಣಿತಾ ಉಸಿರು ಎಳೆದುಕೊಂಡಳು. ಇನ್ನು ಅವಳು ಏನು ಹೇಳಬೇಕೆಂದು ನಾನು ಬರೆದುಕೊಡುವುದಿಲ್ಲ.