ಒಂದೇ ಉಂಡೆಯ ಬೆಳಕು

ನನ್ನ ಮಗ ತೀರಿಕೊಂಡ ಮೇಲೆ ಅವನ ಮೇಜಿಗೆ ಸೊಸೆ ಬಂದು ಕೂರುತ್ತಾಳೆ. ಇಬ್ಬರದೂ ಒಂದೇ ಕೆಲಸ. ಬಹುದೂರದ ಗೆಲಾಕ್ಸಿಗಳ ಕೇಂದ್ರದಿಂದ ಚಿಮ್ಮುವ ಧಾರೆಗಳು ಇದ್ದಕ್ಕಿದ್ದಂತೆ ಏಕೆ ಭುಗಿಲೇಳುತ್ತವೆ ಎಂದು ಲೆಕ್ಕ ಹಾಕಿ, ಆ ಲೆಕ್ಕದ ಗೆರೆಯನ್ನು ದೂರದರ್ಶಕಗಳ ಅಳತೆಯನ್ನು ಗುರುತಿಸಿದ ಚುಕ್ಕೆಗಳ ಮೇಲೆ ಕೂರಿಸಿ ನೋಡುವುದು. ಧಾರೆಯೊಳಗಿನ, ವೇಗದ ಕಣಗಳು ತುಂಬಿದ ಒಂದೇ ಉಂಡೆಯಿಂದ ಎಲ್ಲ ಬೆಳಕೂ ಬರುತ್ತದೆ ಎಂಬುದು ಮಗನ ವಾದ. ಹಾಗಿದ್ದರೆ ಗಾಮಾ ಕಿರಣ ಏರಿದಾಗ ಎಕ್ಸ್-ರೇ ಕೂಡ ಜೊತೆಯಲ್ಲೇ ಏರಬೇಕು. ಅವನ ಕೊನೆಯ ಲೇಖನ ಅರ್ಧಕ್ಕೇ ನಿಂತಿತ್ತು. ಮುಗಿಸುವ ಹೊಣೆ ಇವಳ ಹೆಗಲಿಗೆ ಬಿತ್ತು.

ಒಂದು ಬೆಳಿಗ್ಗೆ ನಾನು ಪ್ರಾರ್ಥನೆ ಮುಗಿಸಿ ಬಂದಾಗ ಅವಳು ಕೈಕಟ್ಟಿ ಕುಳಿತಿದ್ದಳು. ಕಾಫಿ ಆರಿಹೋಗಿತ್ತು.

"ಯಾಕೆ, ಮುಖ ಊದಿಸ್ಕೊಂಡು ಕೂತಿದ್ದೀಯ?"

"ಹೊಸ ಭುಗಿಲು ಬಂದಿದೆ ಅತ್ತೆ. ಗಾಮಾ ಮುಗಿಲು ಮುಟ್ಟಿದೆ, ಎಕ್ಸ್-ರೇ ಅಲ್ಲಾಡಿಲ್ಲ. ಒಂದು ಉಂಡೆ ಸಾಲಲ್ಲ."

"ಇನ್ನೊಂದು ಇಡು. ಬೇಡ ಅಂದೋರು ಯಾರು?"

"ಇಟ್ರೆ, ಅವರು ಹೇಳಿದ್ದು ತಪ್ಪು ಅಂತ ಅವರ ಹೆಸರಿನ ಕೆಳಗೇ ಬರೀಬೇಕು. ಹೊಸ ಭುಗಿಲನ್ನ ಬಿಟ್ಟು ಹಳೇದಷ್ಟೇ ಕಳಿಸಿದ್ರೆ ಯಾಕೆ ಅಂತ ಯಾರೂ ಕೇಳಲ್ಲ."

ಬಿಟ್ಟುಬಿಡು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೋದ ಮಗನ ಹೆಸರಿಗೆ ಕುಂದು ಬರುವುದನ್ನು ಯಾವ ತಾಯಿ ಬಯಸಿಯಾಳು? ದೇವರನ್ನು ನೆನೆದು ಅವಳ ಪಕ್ಕ ಕುಳಿತೆ.

"ಆ ಮೊಂಡ ಊಟಕ್ಕೆ ಕೂತಾಗೆಲ್ಲ ವಾದ ಮಾಡ್ತಿದ್ದ. ಸೋತ್ರೆ ಏನ್ ಮಾಡ್ತಿದ್ದ, ಹೇಳು?"

"ನಗ್ತಿದ್ರು. 'ಸರಿ, ನೀವೇ ಗೆದ್ರಿ, ಇನ್ನೊಂಚೂರು ಬಡಿಸಿ' ಅಂತಿದ್ರು."

"ಮತ್ತೆ? ಇದ್ದಾಗ ಅವನ ಜೊತೆ ಜಗಳ ಆಡ್ತಿದ್ದೋಳು, ಈಗ್ಯಾಕೆ ಅವನ ಮುಂದೆ ಕೈಕಟ್ಟಿ ಕೂತಿದ್ದೀಯ? ಇದ್ದದ್ದನ್ನ ಬರಿ, ಮಗಳೇ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡು ನಕ್ಕಳು. ಎರಡನೆಯ ಉಂಡೆ ಸೇರಿಸಿ ಲೆಕ್ಕ ಓಡಲು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಹೊಸ ಗೆರೆ, ಒಂದೆರಡು ಚುಕ್ಕೆ ಬಿಟ್ಟು, ಮಿಕ್ಕವುಗಳ ಮೇಲೆ ಹಾದುಹೋಯಿತು. ಮಗನ ಗೆರೆ ಎಕ್ಸ್-ರೇ ಚುಕ್ಕೆಗಳಿಂದ ಬಹಳ ಮೇಲೆಯೇ ನಿಂತಿತ್ತು.

"ಅವನದನ್ನ ಅಳಿಸಿಬಿಡ್ತೀಯ?" ಎಂದೆ.

"ಅಳಿಸೋ ಹಾಗಿಲ್ಲ ಅತ್ತೆ. ಎರಡೂ ಒಂದೇ ಚಿತ್ರದಲ್ಲಿರ್ಬೇಕು. ಅವರದು ಎಲ್ಲಿ ಹೊಂದ್ತು, ಎಲ್ಲಿ ಹೊಂದಲಿಲ್ಲ ಅಂತ ಕಂಡ್ರೇನೇ ಎರಡನೇ ಉಂಡೆ ಯಾಕೆ ಬೇಕಾಯ್ತು ಅಂತ ತಿಳಿಯೋದು."

ಅವನ ಗೆರೆಯನ್ನು ತುಂಡುಗೆರೆಯಾಗಿ ಉಳಿಸಿದಳು. ಲೇಖನದ ತಲೆಯಲ್ಲಿ ಅವನ ಹೆಸರು ಮೊದಲು, ಇವಳದು ಆಮೇಲೆ. ಮುಂದಿನ ವಾರ ಅದನ್ನು ಕಳಿಸುವಾಗ ನನ್ನ ಕೈ ಹಿಡಿದುಕೊಂಡಳು. ಕಳಿಸಿದ ಮೇಲೂ ಬಿಡಲಿಲ್ಲ.