ತಿಬುರ್ಸಿಯೊ ಬೀಳಲಿಲ್ಲ

"ಬೀಳ್ಲಾ ಬೋಳಿಮಗ್ನೆ! ನಮ್ ನೆಂಟ್ರು ಸರ್ಯಾಗಿ ನೋಡ್ಲಿಲ್ಲ, ಇನ್ನೊಂದ್ಸಾರಿ ಬೀಳು!"

ಮುಂದಿನ ಬೆಂಚಿನಿಂದ ಕೂಗಿದವನು ಸ್ಟ್ರೌಡ್ ಧಣಿ. ಟೆಕ್ಸಸ್ಸಿನ ಆ ಹತ್ತಿ ಹೊಲ ಅವನದು, ನಾಟಕದ ಡೇರೆ ನಿಂತ ನೆಲವೂ ಅವನದೇ. ಕೂಲಿಯ ಬಸುರಿ ಹೆಂಗಸು ರೆಫುಹಿಯಾಳನ್ನು ಎಬ್ಬಿಸಿ ಆ ಬೆಂಚಿನಲ್ಲಿ ತನ್ನ ನೆಂಟರನ್ನು ಕೂರಿಸಿದ್ದ. ಹಿಂದೆಲ್ಲ ಹತ್ತಿ ಬಿಡಿಸುವ ಮೆಕ್ಸಿಕೋದ ಕೂಲಿಯವರು. ವಾರಪೂರ್ತಿ ಬಗ್ಗಿದವರಿಗೆ ನಗಲು ಸಿಗುವುದು ಭಾನುವಾರದ ಈ ಒಂದು ಮಧ್ಯಾಹ್ನ.

ಕೋಡಂಗಿ ತಿಬುರ್ಸಿಯೊ ಬಿದ್ದ. ಹೆಂಡತಿ ಹೊವಿತಾ ಧಡ್ ಎಂದು ಡೋಲು ಬಡಿದಳು. ಇದು ಆರನೆಯ ಸಲ.

ಬೀಳುವುದೇ ಅವನ ಕಸುಬು. ಏಳು ವರ್ಷದವನಿದ್ದಾಗ ಅಪ್ಪನ ಕತ್ತೆಯ ಮೇಲಿಂದ ಜಾರಿದ್ದಕ್ಕೆ ಡೇರೆಗೆ ಡೇರೆಯೇ ನಕ್ಕಿತ್ತು. ಅಲ್ಲಿಂದ ನಲವತ್ತು ವರ್ಷ ಬಿದ್ದದ್ದೇ ಬಿದ್ದದ್ದು. ಏಣಿಯಿಂದ ಬಿದ್ದ, ಬಕೆಟ್ಟಿನೊಳಗೆ ಬಿದ್ದ, ತನ್ನ ಮದುವೆಯಲ್ಲೇ ಪಾದ್ರಿಯ ಮೇಲೆ ಬಿದ್ದ. ಈಗ ಬಲಮಂಡಿ ಊದಿ ಕುಂಬಳಕಾಯಿ ಆಗಿತ್ತು. ಇನ್ನೊಂದು ಸಲ ಬಿದ್ದರೆ ಏಳುವ ಮಾತಿಲ್ಲ, ಕಸುಬೂ ಅಲ್ಲಿಗೇ ಮುಗಿಯಿತು.

ಡೇರೆಯಲ್ಲೊಂದು ಕಟ್ಟಳೆಯಿತ್ತು: ಯಾರ ಹೆಜ್ಜೆಗೆ ಡೋಲು ಬಡಿದರೋ ಆ ಹೊತ್ತಿಗೆ ಅವನೇ ಕೋಡಂಗಿ. ಇದು ಕೂಲಿಯವರ ಎಳೆಮಕ್ಕಳಿಗೂ ಗೊತ್ತು. ಧಣಿಗೆ ಗೊತ್ತಿರಲಿಲ್ಲ ಪಾಪ.

"ಈಗ ಏಣಿ ಹತ್ತಿ, ನಾಯಂಗೆ ಬೊಗಳ್ಕಂಡು ಬೀಳು."

"ಮಂಡಿ ಹೋಗ್ಯದೆ ಧಣ್ಯೋರೆ."

"ನಿನ್ ಮಂಡಿ ಕಟ್ಕಂಡು ನಂಗೇನ್ಲಾ? ಬೀಳ್ದಿದ್ರೆ ಡೇರೆ ಕಿತ್ತಾಕುಸ್ತೀನಿ!"

ತಿಬುರ್ಸಿಯೊ ಕುಂಟುತ್ತಾ ಏಣಿ ಹತ್ತಿ ಮೂರನೆಯ ಮೆಟ್ಟಿಲಲ್ಲಿ ಕೂತ. ಹರಕು ಟೋಪಿ ತೆಗೆದು ಮಂಡಿಗೆ ತೊಡಿಸಿದ. ಅದರ ಹತ್ತಿರ ಕಿವಿ ಕೊಟ್ಟು ಗಂಭೀರವಾಗಿ ತಲೆಯಾಡಿಸಿದ.

"ಕೇಳ್ದೆ ಧಣಿ. ಬೀಳಾಕಿಲ್ವಂತೆ."

ಹಿಂದೆ ಯಾರೋ ಕಿಸಕ್ಕೆಂದರು. ಧಣಿ ಕೆಂಪಗಾಗಿ ಎದ್ದ. ಗಂಡ ಬೀಳುವುದನ್ನೇ ಕಾಯುತ್ತಾ ಹೊವಿತಾ ಕೋಲು ಎತ್ತಿಹಿಡಿದಿದ್ದಳು. ಧಣಿ ಹೆಜ್ಜೆ ಇಟ್ಟ. ಎತ್ತಿದ ಕೋಲು ಇಳಿಯಿತು: ಧಡ್!

ಎಳೆಮಕ್ಕಳು ಧಣಿಯತ್ತ ಬೆರಳು ತೋರಿಸಿದರು.

"ಯಾವಳೇ ಅವ್ಳು ಮುಂಡೆ?" ಇನ್ನೊಂದು ಹೆಜ್ಜೆ, ಧಡ್! ಬೆರಳು ಎತ್ತಿದ, ಹೊವಿತಾಳ ತಾಳ ಛಣ್ ಎಂದಿತು. ಬೆಕ್ಕಿನಂತೆ ತುದಿಗಾಲಲ್ಲಿ ನಡೆದ, ಅವಳೂ ಬೆರಳ ತುದಿಯಲ್ಲೇ ಟಕ್ ಟಕ್ ಎನಿಸಿದಳು. ಡೇರೆ ಹೋ ಎಂದಿತು. ಧಣಿಯ ಸ್ವಂತ ನೆಂಟರೇ ಕರವಸ್ತ್ರ ಬಾಯಿಗಿಟ್ಟುಕೊಂಡು ಅಲುಗಾಡಿದರು.

"ಅಯ್ಯಯ್ಯೋ, ನಗಿಸ್ಬ್ಯಾಡ್ರೇ, ಇಲ್ಲೇ ಹೆತ್ಬುಡ್ತೀನಿ!" ಎಂದು ರೆಫುಹಿಯಾ ಹೊಟ್ಟೆ ಹಿಡಿದುಕೊಂಡಳು.

"ಹಗ್ಗ ಕುಯ್ರೋ!" ಧಣಿ ಕಿರುಚಿಕೊಂಡು ಆಚೆ ಬಂದ. ಅವನ ಆಳುಗಳು ಮಚ್ಚು ತಂದರು. ಒಂದೊಂದು ಹಗ್ಗ ಕಡಿದಾಗಲೂ ಧಡ್, ಧಡ್. ಡೇರೆ ಉಸ್ಸೆಂದು ಎಲ್ಲರ ತಲೆಯ ಮೇಲೆ ಕುಸಿಯಿತು. ಏಣಿಯಿದ್ದ ಕಡೆ ಮಾತ್ರ ಗೂನುಬೆನ್ನಿನಂತೆ ಉಬ್ಬಿ ನಿಂತಿತು.

ಆ ಉಬ್ಬಿನೊಳಗಿಂದ ಕೂಗು ಬಂತು: "ಧಣೀ, ಡೇರೆ ಬಿತ್ತು! ನಾನ್ ಬಿದ್ದಿಲ್ಲ!"

ಧಣಿ ಹೊಲದ ದಾರಿ ಹಿಡಿದು ಬಿರಬಿರನೆ ನಡೆದ. ಬಟ್ಟೆಯ ತೂತಿಗೆ ಕಣ್ಣಿಟ್ಟು ಹೊವಿತಾ ಅವನ ಹೆಜ್ಜೆಹೆಜ್ಜೆಗೂ ಬಡಿಯುತ್ತಲೇ ಇದ್ದಳು. ಅವನು ಓಡತೊಡಗಿದ. ಅವಳು ಇನ್ನೊಂದು ಕೈಗೂ ಕೋಲು ತೆಗೆದುಕೊಂಡಳು.